ಸುತಳಿ ಮುತ್ಯಾ

ಊರಿಗೊಬ್ಬ ನಾಟಿ ವೈದ್ಯ, ಓಣಿಗೊಬ್ಬ ಪಂಚಾಂಗದವ ಇರುವ ಹಾಗೆ ನಮ್ಮ ಕಡೆ ಪಾರ್ಸಲ್ ಕಟ್ಟಲಿಕ್ಕೂ ಊರಿಗೊಬ್ಬ ಹಿರಿಯ ಇರುತ್ತಾನೆ. ಆಳಂದ ತಾಲೂಕಿನ ಮಾದನಹಿಪ್ಪರಗಾದಲ್ಲಿ ಆ ಗಾದಿ ಸುತಳಿ ಮುತ್ಯಾನದು. ಹಡೆದವರು ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಭದ್ರವಾಗಿದೆ. ಊರ ಬಾಯಲ್ಲಿ ಇಲ್ಲ. ಪುಣೆಯ ಮಗನಿಗೆ ಶೇಂಗಾ ಹಿಂಡಿ ಹೋಗಲಿ, ಬೆಂಗಳೂರಿನ ಬಾಣಂತಿಗೆ ಅಂಟಿನ ಉಂಡಿ ಹೋಗಲಿ, ಟಪಾಲ ಆಫೀಸಿಗಿಂತ ಮೊದಲು ಅದು ಮುತ್ಯಾನ ಕಟ್ಟೆಗೆ ಬರಬೇಕು. ಕೂಲಿ ಕೇಳುವವನಲ್ಲ. ಒಂದು ಕಪ್ಪು ಚಹಾ ಮತ್ತು ಎದುರಿಗೆ ಕೂತು “ಹೌದ್ರಿ ಮುತ್ಯಾ” ಅನ್ನುವ ಒಬ್ಬ ಮನುಷ್ಯ ಇದ್ದರೆ ಸಾಕು.

ಅವನ ಸಾಮಾನೆಲ್ಲ ಒಂದು ತಗಡಿನ ಟ್ರಂಕಿನಲ್ಲಿದೆ: ಗೇಣುದ್ದದ ದಬ್ಬಣ, ಸುತಳಿಯ ಉಂಡೆಗಳು, ಮಂಜರಪಾಟ ಬಟ್ಟೆ, ಕೆಂಪು ಅರಗು ಮತ್ತು ಒಂದು ಚಾರಾಣೆ. ಚಾರಾಣೆ ಯಾಕೆಂದು ಕೇಳಿದರೆ ಅರ್ಧ ತಾಸು ಹೋಯಿತು. ವಿಮೆ ಮಾಡಿದ ಪಾರ್ಸಲ್ಲಿನ ಹೊಲಿಗೆಯ ಮೇಲೆ ಅರಗು ಸುರಿದು ಮುದ್ರೆ ಒತ್ತುವುದು ಹಳೆಯ ಪದ್ಧತಿ. ಆ ಮುದ್ರೆ ಮಾತ್ರ ಚಲಾವಣೆಯಲ್ಲಿರುವ ನಾಣ್ಯದ್ದಾಗಿರಬಾರದೆಂದು ಟಪಾಲಿನವರ ಕಟ್ಟಳೆ. ಎಲ್ಲರ ಕಿಸೆಯಲ್ಲೂ ಇರುವ ನಾಣ್ಯವಾದರೆ, ಮುದ್ರೆ ಒಡೆದವನೇ ಮತ್ತೆ ಒತ್ತಿ ಇಡುತ್ತಾನಲ್ಲ! 2011ರ ಜೂನ್ 30ರ ನಂತರ ಚಾರಾಣೆ ಚಲಾವಣೆಯಿಂದ ಹೋಯಿತು. ದೇಶವೆಲ್ಲ ಅದನ್ನು ಮರೆತಾಗ ಮುತ್ಯಾ ಒಂದನ್ನು ಟ್ರಂಕಿಗೆ ಸೇರಿಸಿಕೊಂಡ. “ಈಗ ಇದು ನಾಣ್ಯ ಅಲ್ಲ, ನನ್ನ ಶಿಕ್ಕಾ” ಅನ್ನುತ್ತಾನೆ. ಕಾನೂನಿಗೂ ಸಮಾಧಾನ, ಮುತ್ಯಾನಿಗೂ ಸಮಾಧಾನ.

ಗಂಟಿನ ಮೇಲಿನ ಈ ಭರೋಸಾ ಅಪ್ಪನಿಂದ ಬಂದ ಆಸ್ತಿ. ಹೈದರಾಬಾದ್ ಸಂಸ್ಥಾನಕ್ಕೆ 1869ರಿಂದ 1950ರವರೆಗೆ ತನ್ನದೇ ಅಂಚೆಚೀಟಿ ಇತ್ತು. ನಮ್ಮೂರು ನಿಜಾಮನದು, ಗಡಿ ದಾಟಿ ಅಕ್ಕಲಕೋಟಕ್ಕೆ ಹೋದರೆ ಇಂಗ್ರೇಜಿ ಟಪಾಲು. ಮಗಳನ್ನು ಆಚೆಗೆ ಕೊಟ್ಟವರು ಎರಡು ಸರಕಾರದ ಚೀಟಿಗಳ ಲೆಕ್ಕ ಇಡಬೇಕಿತ್ತು. ಆ ಕಾಲದ ಅಪ್ಪ ಹೇಳಿಕೊಟ್ಟದ್ದನ್ನು ಮುತ್ಯಾ ಈಗಲೂ ಹೇಳುತ್ತಾನೆ: “ರಾಜ ಬದಲಾದ್ರ ಚೀಟಿ ಬದಲಾಗ್ತದ. ಗಂಟು ಬದಲಾಗಲ್ಲ.”

ಕಟ್ಟಿದ ಮೇಲೆ ಮೂರು ಪರೀಕ್ಷೆ. ಮೊದಲನೆಯದು, ಕಿವಿಯ ಹತ್ತಿರ ಹಿಡಿದು ಅಲುಗಿಸುವುದು. “ಒಳಗ ಸಪ್ಪಳ ಬಂದ್ರ ಅದು ಪಾರ್ಸಲ್ ಅಲ್ಲ, ಗಿಲಕಿ.” ಎರಡನೆಯದು, ಸೊಂಟದೆತ್ತರದಿಂದ ನೆಲಕ್ಕೆ ಬಿಡುವುದು. ದಾರಿಯಲ್ಲಿ ಯಾರೋ ಎತ್ತಿ ಹಾಕುವ ಮೊದಲು ನಾವೇ ಎತ್ತಿ ಹಾಕಿದರೆ ಏನಾಗುತ್ತದೆಂದು ಗೊತ್ತಾಗುತ್ತದೆ. ಮೂರನೆಯದು, ಅದರ ಮೇಲೆ ಕೂತು ಚಹಾ ಕುಡಿಯುವುದು. ಎಷ್ಟೋ ಮನೆಯ ಖಡಕ ರೊಟ್ಟಿ ಈ ಮೂರನೆಯ ಪರೀಕ್ಷೆಯಲ್ಲಿ ಕುಸುಬಿಯಷ್ಟಾಗಿದೆ. “ಟಪಾಲಿನ್ಯಾಗ ಒಡೀಲಿಲ್ಲಲ್ಲ!” ಎಂಬುದು ಮುತ್ಯಾನ ಸಮರ್ಥನೆ.

ಡಬ್ಬಿಯ ಮೇಲೆ ‘ನಾಜೂಕು ಸಾಮಾನು’ ಎಂದು ಬರೆಯಲು ಬಿಡುವುದಿಲ್ಲ. “‘ಹಗೂರ ಇಡ್ರಿ’ ಅಂತ ಬರದ್ರ, ಹಗೂರದ ಅಂತ ತಿಳಕೊಂಡು ಒಗೀತಾರ. ಬರಿಯೂದು ಬ್ಯಾಡ, ಒಗದ್ರೂ ಉಳಿಯೂಹಂಗ ಕಟ್ಟು.” ವಿಳಾಸ ಮಾತ್ರ ಎರಡು ಕಡೆ ಬೇಕು, ಮೇಲೊಂದು, ಒಳಗೊಂದು. ಮೇಲಿನದು ಮಳೆಗೆ ಅಳಿಸಿ ಹೋದರೆ ಒಳಗಿನದು ಮಾತಾಡುತ್ತದೆ. ಇದು ಮಾತ್ರ ಎಲ್ಲರೂ ಕಿವಿಯಲ್ಲಿ ಹಾಕಿಕೊಳ್ಳಬೇಕಾದ ಮಾತು.

ಮುತ್ಯಾನ ಜೀವನದ ದೊಡ್ಡ ಕೆಲಸ ಬಂದದ್ದು ಬೀಸುಕಲ್ಲಿನ ರೂಪದಲ್ಲಿ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದ ಮೊಮ್ಮಗಳು ಫೋನ್ ಮಾಡಿ, “ಮುತ್ಯಾ, ಆಯಿ ಬೀಸುಕಲ್ಲು ನನಗ ಬೇಕು” ಅಂದಳು. ಜೋಳ ಬೀಸಲಿಕ್ಕೇನೂ ಅಲ್ಲ, ಹಾಲಿನಲ್ಲಿ ಇಡಲಿಕ್ಕೆ. ಬಸ್ಸಿಗೆ ಹಾಕೋಣ ಎಂದ ಮಗ. ಸಾರಿಗೆಯವರ ‘ನಮ್ಮ ಕಾರ್ಗೋ’ 2021ರಿಂದ ಇದೆಯಲ್ಲ. ಮುತ್ಯಾ ಒಪ್ಪಲಿಲ್ಲ. “ಟಪಾಲಿನವ ಮನಿ ಬಾಗಲಕ್ಕ ಬರ್ತಾನ. ಬಸ್ಸು ಆಕಿ ಮನಿ ಮುಂದ ನಿಂದರತದೇನು?”

ಸ್ಪೀಡ್ ಪೋಸ್ಟಿನಲ್ಲಿ ಒಂದು ಪಾರ್ಸಲ್ 35 ಕಿಲೋ ಮೀರುವಂತಿಲ್ಲ. ಕಲ್ಲೆರಡೂ ಸೇರಿ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಅಲ್ಲಿಗೇ ಬಂದು ನಿಂತವು. ಇನ್ನು ಮೆತ್ತನೆಗೆ ಜಾಗವೆಲ್ಲಿ? ಎರಡು ಭಾಗ ಮಾಡು ಎಂದು ಮೊಮ್ಮಗ ಮೊಬೈಲಿನಲ್ಲಿ ಓದಿದ್ದನ್ನು ಹೇಳಿದ. 1916ರಲ್ಲಿ ಅಮೆರಿಕದ ವರ್ನಲ್ ಎಂಬ ಊರಿನ ಬ್ಯಾಂಕು ಕಟ್ಟಲು ಇಟ್ಟಿಗೆಯನ್ನೇ ಪಾರ್ಸಲ್ಲಿನಲ್ಲಿ ತರಿಸಿದರಂತೆ, 50 ಪೌಂಡಿನ ಗಂಟು ಕಟ್ಟಿ ಕಟ್ಟಿ. ಸರಕು ಗಾಡಿಗಿಂತ ಟಪಾಲೇ ಅಗ್ಗವಾಗಿತ್ತು. ಕೊನೆಗೆ ಅಲ್ಲಿಯ ಸರಕಾರ ಒಬ್ಬರು ದಿನಕ್ಕೆ 200 ಪೌಂಡಿಗಿಂತ ಹೆಚ್ಚು ಕಳಿಸಕೂಡದೆಂದು ತಡೆ ಹಾಕಿತು. ಮುತ್ಯಾನಿಗೆ ಆ ಜನ ಬಹಳ ಮನಸ್ಸಿಗೆ ಬಂದರು. “ಅಲ್ಲೂ ನಮ್ಮಂಥವರು ಅದಾರ.”

ಮೇಲ್ಗಲ್ಲು ಒಂದು, ಕೆಳಗಲ್ಲು ಒಂದು. ಪ್ರತಿಯೊಂದಕ್ಕೂ ಹಳೆಯ ಸೊಲ್ಲಾಪುರಿ ಚಾದರ, ಅದರ ಮೇಲೆ ರಟ್ಟಿನ ಡಬ್ಬಿ, ಅದಕ್ಕೊಂದು ಹೊರಡಬ್ಬಿ. ನಡುವಿನ ಸಂದಿಗೆ ಥರ್ಮಾಕೋಲ್ ಯಾಕೆ? ಸಣ್ಣ ಚೀಲ ಹೊಲಿದು ತೊಗರಿಬೇಳೆ ತುಂಬಿ ಮೂಲೆ ಮೂಲೆಗೆ ತುರುಕಿದ. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ಗುಲ್ಬರ್ಗಾ ತೊಗರಿಬೇಳೆಗೆ ಇಂಥ ಉಪಯೋಗವೂ ಇದೆಯೆಂದು ಅರ್ಜಿ ಹಾಕಿದವರಿಗೂ ಹೊಳೆದಿರಲಿಕ್ಕಿಲ್ಲ. “ಕಲ್ಲಿಗಿ ಮೆತ್ತಗ, ಆಕಿಗಿ ಬ್ಯಾಳಿ. ಥರ್ಮಾಕೋಲ್ ಕುದಿಸಿ ಸಾರು ಮಾಡಲಾಕ ಬರ್ತದೇನು?”

ಟಪಾಲ ಆಫೀಸಿನಲ್ಲಿ ವಿಮೆಯ ಮಾತು ಬಂತು. ಕೌಂಟರಿನ ಹುಡುಗಿ ಕೇಳಿದಳು, “ಮುತ್ಯಾ, ಒಳಗೇನದರಿ?”

“ಕಲ್ಲು.”

“ಬೆಲಿ ಎಷ್ಟು ಬರೀಲಿರಿ?”

“ನಮ್ಮವ್ವ ಬೀಸಿದ ಕಲ್ಲದ ತಂಗಿ. ನನ್ನ ಲಗ್ನದ ಜ್ವಾಳ ಇದರಾಗೇ ಬೀಸ್ಯಾರ. ಐದು ಲಕ್ಷ ಬರಿ.”

ಹಿಂದಿನ ಸರತಿ ನಕ್ಕಿತು. ಹುಡುಗಿ ನಗಲಿಲ್ಲ. “ಎಷ್ಟು ಬರಸಿದ್ರೂ ಖರೆ ಬೆಲಿಗಿಂತ ಜಾಸ್ತಿ ಕೊಡಂಗಿಲ್ಲ ಮುತ್ಯಾ. ಬರಸಿದಂಗ ವಿಮಾದ ರೊಕ್ಕ ಮಾತ್ರ ಏರ್ತದ.”

ಮುತ್ಯಾ ಕಲ್ಲಿನ ಕಡೆ ನೋಡಿದ, ಕಿಸೆಯ ಕಡೆ ನೋಡಿದ. “ಹಂಗಾದ್ರ ಐದನೂರು ಬರಿ. ಉಳದದ್ದು ನಾ ಮನ್ಯಾಗೇ ಕಟ್ಟೀನಿ.”

ಸಂಜೆ ಕಟ್ಟೆಯ ಮೇಲೆ ಮೊಮ್ಮಗ ಇನ್ನಷ್ಟು ಓದಿ ಹೇಳಿದ. ದಕ್ಷಿಣ ಆಫ್ರಿಕಾದಲ್ಲಿ 1905ರಲ್ಲಿ ಸಿಕ್ಕ 3106 ಕ್ಯಾರಟ್ಟಿನ ಕಲಿನನ್ ವಜ್ರ ಲಂಡನ್ನಿಗೆ ಹೋದದ್ದು ರಿಜಿಸ್ಟರ್ ಟಪಾಲಿನಲ್ಲಿ. ಜನರ ಕಣ್ಣು ಕಟ್ಟಲು ಹಡಗಿನಲ್ಲಿ ಪೊಲೀಸ್ ಕಾವಲಿನೊಂದಿಗೆ ಹೋದದ್ದು ಬರೀ ನಕಲಿ ಗಂಟು. 1958ರಲ್ಲಿ ಹೋಪ್ ವಜ್ರವನ್ನು ನ್ಯೂಯಾರ್ಕಿನ ವ್ಯಾಪಾರಿ ಹ್ಯಾರಿ ವಿನ್‌ಸ್ಟನ್ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯಕ್ಕೆ ಕಳಿಸಿದ್ದೂ ಟಪಾಲಿನಲ್ಲೇ. ಅಂಚೆ ವೆಚ್ಚ 2.44 ಡಾಲರ್, ವಿಮೆಯೂ ಸೇರಿ 145.29. ಆ ವಜ್ರ ಮೂಲದಲ್ಲಿ ನಮ್ಮ ಭೀಮೆ ಹೋಗಿ ಕೂಡುವ ಕೃಷ್ಣೆಯ ದಂಡೆಯ ಕೊಲ್ಲೂರು ಗಣಿಯದಂತೆ.

ಮುತ್ಯಾ ಬಹಳ ಹೊತ್ತು ತಲೆದೂಗಿದ. “ಶಾಣ್ಯಾ ಜನ. ಗಂಟಿನ ಒಳಗೂ ಸಪ್ಪಳಿಲ್ಲ, ಹೊರಗೂ ಸಪ್ಪಳಿಲ್ಲ.” ಇಷ್ಟು ಹೇಳಿ, ತನ್ನ ಗಂಟಿನಲ್ಲಿ ಏನಿದೆ, ಎಷ್ಟು ತೂಕ, ಯಾವ ದಿನ ಮುಟ್ಟುತ್ತದೆ ಎಂಬುದನ್ನು ಹಾದಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ವಿವರಿಸಿದ.

ಎರಡೂ ಕಲ್ಲು ಮುಕ್ಕಾಗದೆ ಮುಟ್ಟಿದವು, ಒಂದು ದಿನದ ಅಂತರದಲ್ಲಿ. ಮೊಮ್ಮಗಳು ಫೋನಿನಲ್ಲಿ ಥ್ಯಾಂಕ್ಸ್ ಹೇಳಹೋದರೆ ಮುತ್ಯಾ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. “ಬಿಚ್ಚಲಾಕ ಎಷ್ಟೊತ್ತು ಹಿಡೀತು, ಅದು ಹೇಳು.” ಎರಡು ತಾಸು, ಗಂಡ-ಹೆಂಡತಿ ಇಬ್ಬರೂ ಕೂಡಿ, ಅಂದಳು. ಆ ಸಂತೋಷದಲ್ಲಿ ಮುತ್ಯಾ ಅವತ್ತು ಒಂದು ರೊಟ್ಟಿ ಹೆಚ್ಚು ಉಂಡ. ಆಮೇಲೆ ಅವಳು ಬಾಯಿ ಜಾರಿ, ಕಡೆಯ ಗಂಟನ್ನು ಕತ್ತರಿಯಿಂದ ಕತ್ತರಿಸಿದೆವು ಅಂದಳು. ಎಂಟು ದಿನ ಮಾತು ಬಿಟ್ಟ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಮ್ಮ ಕಡೆಯಿಂದ ನಿಮ್ಮ ಮನೆಗೆ ಮಂಜರಪಾಟದಲ್ಲಿ ಹೊಲಿದ, ಚಾರಾಣೆಯ ಮುದ್ರೆ ಇರುವ ಭಾರದ ಗಂಟೇನಾದರೂ ಬಂದರೆ ಕತ್ತರಿ ಹಚ್ಚಬೇಡಿ. ರವಿವಾರದವರೆಗೆ ಕಾದು ಕೂತು ಬಿಚ್ಚಿರಿ. ಮೂಲೆಯ ಚೀಲಗಳನ್ನು ಕಸಕ್ಕೆ ಒಗೆಯಬೇಡಿ, ಒಳಗೆ ಬೇಳೆ ಇದೆ. ಸುತಳಿಯನ್ನು ಸುತ್ತಿ ಉಂಡೆ ಮಾಡಿಟ್ಟು ಊರಿಗೆ ಬರುವಾಗ ತನ್ನಿ. ಮುತ್ಯಾ ಮೊದಲು ಕೇಳುವುದು ಅದನ್ನೇ.