ಸೆಟ್ ಧಾತು ವಿಚಾರ: ಬಳ್ಳಾರಿ ಸೀಮೆಯ ಪ್ರಯೋಗಗಳ ಆಧಾರದಿಂದ

ಸಂಸ್ಕೃತದ ವೈಯಾಕರಣರು ಧಾತುಗಳನ್ನು ಸೇಟ್, ಅನಿಟ್, ವೇಟ್ ಎಂದು ವಿಂಗಡಿಸಿದ್ದಾರೆ. ‘ಇಟ್’ ಎಂಬ ಆಗಮ ಬಂದರೆ ಸೇಟ್, ಬಾರದಿದ್ದರೆ ಅನಿಟ್, ಬಂದರೂ ಸರಿ ಬಿಟ್ಟರೂ ಸರಿ ಎಂದರೆ ವೇಟ್. ‘ಸೆಟ್ ಆಗೋತನಕ ವೇಟ್ ಮಾಡ್ರಿ’ ಎನ್ನುವ ಮೋತಿ ಸರ್ಕಲ್ಲಿನ ಬೈಕ್ ಮೆಕ್ಯಾನಿಕ್ ಪಾಣಿನಿಯ ಪರಂಪರೆಯವನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಏಕಾರ ಹ್ರಸ್ವವಾದದ್ದು ಬಿಸಿಲಿಗೆ.

‘ಸೆಟ್’ ಇಂಗ್ಲಿಷ್ ಧಾತುವೆಂದು ವಾದಿಸುವವರೂ ಇದ್ದಾರೆ. ಆಕ್ಸ್‌ಫರ್ಡ್ ನಿಘಂಟಿನ 1989ರ ಆವೃತ್ತಿ ಇದಕ್ಕೆ 400ಕ್ಕೂ ಹೆಚ್ಚು ಅರ್ಥ ಕೊಟ್ಟಿದೆಯೆಂದು ಅವರು ಬೀಗುತ್ತಾರೆ. ಪಾಪ, ಆ ಸಂಪಾದಕರು ಕೌಲ್ ಬಜಾರಿಗೆ ಬಂದವರಲ್ಲ. ಬಳ್ಳಾರಿಯಲ್ಲಿ ನೆಲೆಸಿದ್ದ ಲಂಡನ್ ಮಿಷನ್ನಿನ ವಿಲಿಯಂ ರೀವ್ 1824ರಲ್ಲೇ ಇಂಗ್ಲಿಷ್–ಕನ್ನಡ ನಿಘಂಟು ಹೊರತಂದ. ಇಂಗ್ಲಿಷಿನ ಒಂದೊಂದು ಕ್ರಿಯಾಪದಕ್ಕೂ ಕನ್ನಡ ಹುಡುಕಿ ಬೆವರಿಳಿಸಿದ. ಇನ್ನೂರು ವರ್ಷ ತಡೆದು ಬಂದಿದ್ದರೆ ಶ್ರಮ ಉಳಿಯುತ್ತಿತ್ತು. ಎಲ್ಲ ಕಡೆಯೂ ‘ಸೆಟ್ ಮಾಡು’ ಎಂದು ಬರೆದು ಮುಗಿಸಬಹುದಿತ್ತು.

ಈ ಧಾತು ತಾನು ಎಂದೂ ರೂಪ ಬದಲಿಸದು. ಕನ್ನಡದವನು ‘ಸೆಟ್ ಆತು’ ಎಂದರೆ ತೆಲುಗಿನವನು ‘ಸೆಟ್ ಅಯಿಂದಿ’ ಎನ್ನುತ್ತಾನೆ, ಉರ್ದುವಿನವನು ‘ಸೆಟ್ ಹೋಗಯಾ’ ಎನ್ನುತ್ತಾನೆ. ಊರಿನ ಮೂರು ಭಾಷೆಗೂ ಮೊದಲರ್ಧದಲ್ಲಿ ಜಗಳವಿಲ್ಲ. ಜೀನ್ಸ್ ಸಗಟು ವ್ಯಾಪಾರದಲ್ಲಿ ಮಾತ್ರ ಇದು ನಾಮಪದ: 28ರಿಂದ 36ರವರೆಗಿನ ಅಳತೆಗಳು ಸೇರಿ ಒಂದು ಸೆಟ್. ಒಂದೇ ಪ್ಯಾಂಟ್ ಕೇಳಿದರೆ ‘ಸೆಟ್ ಮುರಿಯಂಗಿಲ್ಲಣ್ಣ’ ಎಂದು ಕಳಿಸುತ್ತಾರೆ. ನನ್ನ 38ರ ಸೊಂಟ ಯಾವ ಸೆಟ್ಟಿಗೂ ಸೇರದ್ದರಿಂದ ಈ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ.

ಇನ್ನು ಮುಖ್ಯ ಸಿದ್ಧಾಂತ. ಹಳಗನ್ನಡದ ವೈಯಾಕರಣ ಕೇಶಿರಾಜನಂತೆ ಕಂದಪದ್ಯ ಕಟ್ಟಲು ಬಾರದ ಕಾರಣ ಗದ್ಯದಲ್ಲೇ ಸೂತ್ರ ಹೇಳುತ್ತೇನೆ: ಗೆದ್ದಲ್ಲಿ ‘ಮಾಡು’, ಕೆಟ್ಟಲ್ಲಿ ‘ಆಗು’.

ವೃತ್ತಿ: ಕೆಲಸ ಕೈಗೂಡಿದರೆ ಸೆಟ್ ಧಾತುವಿಗೆ ಕರ್ತೃಗಳು ಮುಗಿಬೀಳುತ್ತಾರೆ, ಕೈಕೊಟ್ಟರೆ ಕರ್ತೃವಿಗೆ ಲೋಪ ಬರುತ್ತದೆ.

ಪ್ರಯೋಗಕ್ಕೆ ಕುರುಗೋಡಿನ ಯಾವುದಾದರೂ ಮದುವೆ ಮನೆಗೆ ಹೋಗಬಹುದು. ಮೆಣಸಿನಕಾಯಿ ಬ್ಯಾಡಗಿ ಮಾರುಕಟ್ಟೆಗೆ ಹೋಗಿ ರೇಟ್ ಸೆಟ್ ಆಗದ ಹೊರತು ಅಲ್ಲಿ ಸಂಬಂಧದ ಮಾತೇ ಮೇಲೇಳದು. ಸಂಬಂಧ ಕುದುರಿತೋ, ಸೋದರಮಾವ, ದಲ್ಲಾಳಿ, ಟ್ರ್ಯಾಕ್ಟರ್ ಓಡಿಸುವವ, ಎಲ್ಲರೂ ‘ನಾನೇ ಸೆಟ್ ಮಾಡೀನಿ’ ಎನ್ನುವವರೇ. ಮುರಿಯಿತೋ, ‘ಯಾಕೋ ಸೆಟ್ ಆಗ್ಲಿಲ್ಲ ಬಿಡ್ರಿ’. ಆ ‘ಯಾಕೋ’ ಕ್ರಿಯಾವಿಶೇಷಣವಲ್ಲ, ನಿರೀಕ್ಷಣಾ ಜಾಮೀನು. ಯಾರ ಸೆಟ್ಟಿಂಗೂ ಇಲ್ಲದೆ ಆ ಊರಲ್ಲಿ ಗಟ್ಟಿಯಾಗಿ ಕೂತಿರುವುದು ದೊಡ್ಡಬಸವೇಶ್ವರ ಗುಡಿಯ ಏಕಶಿಲೆಯ ಬಸವಣ್ಣ ಒಬ್ಬನೇ.

ಸಿರುಗುಪ್ಪದ ಪ್ರಯೋಗ ಇನ್ನೂ ಘನವಾದದ್ದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋಯಿತು. ‘ಚೈನ್ ಕಡೀತು’ ಎಂದರು. ಕಡಿದವರಿಲ್ಲ, ಕಡೀತು. ಸಿರುಗುಪ್ಪದ ಭತ್ತದ ಗದ್ದೆಯವರು ನೀರು ನದಿಗೆ ಹರಿದುಹೋಗುವುದನ್ನು ನೋಡುತ್ತ ‘ಗೇಟ್ ಸೆಟ್ ಆತೇನ್ರಿ?’ ಎಂದು ಕೇಳಿದ್ದೇ ಕೇಳಿದ್ದು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಾತ್ಕಾಲಿಕ ತಡೆ ಇಳಿಸಿ ವಾರದಲ್ಲಿ ಮುಚ್ಚಿದರು. ಆಮೇಲೆ ನೋಡಬೇಕಿತ್ತು, ಕರ್ತೃಪದಗಳ ಜಾತ್ರೆ. ಬೆವರಿಳಿಸಿದ ಕೆಲಸಗಾರರು ಮಾತ್ರ ಆ ಜಾತ್ರೆಯಲ್ಲಿ ಕಾಣಲಿಲ್ಲ. ವ್ಯಾಕರಣದಲ್ಲಿ ಅವರು ಕರಣ ಕಾರಕ. ತೃತೀಯಾ ವಿಭಕ್ತಿಯಲ್ಲಿ ನಿಲ್ಲಬೇಕಾದವರು.

ಈ ಪ್ರಬಂಧವನ್ನು ಟೈಪ್ ಮಾಡಿಸಲು ಡಿಟಿಪಿ ಅಂಗಡಿಗೆ ಕೊಟ್ಟಿದ್ದೆ. ಹಾಳೆ ಕೈಗೆ ಬಂದಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ, ‘ಕೇಶಿರಾಜ’ ಇರಬೇಕಾದಲ್ಲಿ ಬರೀ ಚೌಕಗಳು.

‘ಏನಪ್ಪಾ, ಯಾರು ಹೀಗೆ ಮಾಡಿದ್ದು?’

‘ಯಾರೂ ಮಾಡಿಲ್ಲ ಸಾರ್,’ ಎಂದ ಹುಡುಗ. ‘ಫಾಂಟ್ ಸೆಟ್ ಆಗಿಲ್ಲ.’