ನಡಿಗೆಗೊಂದು ನೆಪ

ಜನವರಿ ಮೊದಲ ವಾರದಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಮಾಡುವುದು ಕಷ್ಟ. ಕಾಲಿಡಲು ಜಾಗವೇ ಇರುವುದಿಲ್ಲ. ಡಿಸೆಂಬರ್ 31ರ ರಾತ್ರಿ ಕೇಕು ತಿನ್ನುತ್ತಾ ಕೈಗೊಂಡ ಸಂಕಲ್ಪಗಳೆಲ್ಲ ಹೊಸ ಶೂ, ಹೊಸ ಟ್ರ್ಯಾಕ್ ಪ್ಯಾಂಟು ತೊಟ್ಟು ಅಲ್ಲಿಗೆ ಬಂದಿರುತ್ತವೆ. ಕೆಲವು ಪ್ಯಾಂಟುಗಳಲ್ಲಿ ಬೆಲೆಚೀಟಿ ಇನ್ನೂ ನೇತಾಡುತ್ತಿರುತ್ತದೆ. ಗಂಡ ಮುಂದೆ, ಹೆಂಡತಿ ಹತ್ತು ಮಾರು ಹಿಂದೆ, ಮಗ ಕಲ್ಲುಬೆಂಚಿನ ಮೇಲೆ ಮೊಬೈಲು ನೋಡುತ್ತಾ, ಹೀಗೆ ಸಂಸಾರ ಸಮೇತ ಬಂದವರೂ ಉಂಟು. ಇದೆಲ್ಲ ಸಂಕ್ರಾಂತಿಯವರೆಗೆ. ಹಬ್ಬದ ದಿನ ಎಳ್ಳು ಬೀರುವ ಗಡಿಬಿಡಿ, ಮಾರನೆಯ ದಿನ ಸಿಹಿಪೊಂಗಲಿನ ಭಾರ, ಅದರ ಮಾರನೆಯ ದಿನ ಚಳಿ. ರಥಸಪ್ತಮಿಯ ಹೊತ್ತಿಗೆ ಏರಿ ಮತ್ತೆ ಹಳೆಯ ಗಿರಾಕಿಗಳ ವಶವಾಗುತ್ತದೆ. ಮರದ ಮೇಲಿನ ಹೆಜ್ಜಾರ್ಲೆಗಳು ಇದನ್ನು ವರ್ಷವರ್ಷವೂ ನೋಡುತ್ತವೆ. ಅಷ್ಟು ದಪ್ಪ ಮೈಯಿಟ್ಟುಕೊಂಡೂ ಹಾರಾಟಕ್ಕೆ ತೊಂದರೆಯಿಲ್ಲದ ಆ ಹಕ್ಕಿಗಳಿಗೆ ನಮ್ಮನ್ನು ಕಂಡರೆ ಕನಿಕರವಿರಬೇಕು.

ಬಿಟ್ಟುಹೋದವರ ಬಗ್ಗೆ ನನಗೇನೂ ಕುತೂಹಲವಿಲ್ಲ. ಬಿಡುವುದಕ್ಕೆ ಕಾರಣವನ್ನು ಹೊರಗೆ ಹುಡುಕಬೇಕಾಗಿಲ್ಲ, ರಗ್ಗಿನೊಳಗೇ ಸಿಗುತ್ತದೆ. ಬೆಳಗಿನ ಐದೂವರೆಗೆ ಮನುಷ್ಯನ ತರ್ಕಶಕ್ತಿಗೆ ಸಾಟಿಯೇ ಇಲ್ಲ. ಮೋಡ ಕವಿದಿದೆ, ನೆನೆದರೆ ಶೀತ. ಮೋಡವಿಲ್ಲ, ಹಾಗಾದರೆ ಮಂಜು ಬೀಳುತ್ತಿರುತ್ತದೆ, ಅದಂತೂ ಇನ್ನೂ ಕೆಟ್ಟದ್ದು. ನಿನ್ನೆ ಮದುವೆಮನೆಯಲ್ಲಿ ಊಟದ ಪಂಕ್ತಿಗೆ ಕಾಯುತ್ತಾ ಅರ್ಧ ಗಂಟೆ ನಿಂತಿದ್ದೆವಲ್ಲ, ಅದು ಇವತ್ತಿನ ಲೆಕ್ಕಕ್ಕೆ. ಮೇಲಾಗಿ ಇವತ್ತು ಮಂಗಳವಾರ, ಒಳ್ಳೆಯ ಕೆಲಸ ಶುರು ಮಾಡುವ ದಿನವಲ್ಲ. ಹೈಕೋರ್ಟಿನ ವಕೀಲರೂ ಇಷ್ಟು ಚುರುಕಾಗಿ ವಾದ ಹೂಡಲಾರರು. ತೀರ್ಪು ಕೊಡುವವರೂ ನಾವೇ ಆದ್ದರಿಂದ ಕೇಸು ಬೇಗ ಮುಗಿದು ನಿದ್ದೆ ಮುಂದುವರಿಯುತ್ತದೆ.

ನನ್ನ ಕುತೂಹಲವೆಲ್ಲ ಉಳಿದವರ ಮೇಲೆ. ಅವರು ಯಾಕೆ ಉಳಿದರು?

ಆರೋಗ್ಯಕ್ಕೆ ಎಂದು ಅವರೇ ಹೇಳುತ್ತಾರೆ. ನಾನು ನಂಬುವುದಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಮೈ ಬೆಚ್ಚಗಾಗುವಷ್ಟು ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಪೇಪರು ಓದುವ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕಾಲು ಏಳುವುದಿಲ್ಲ. ಆರೋಗ್ಯ ಎನ್ನುವುದು ಇನ್ನು ಹತ್ತು ವರ್ಷದ ಮೇಲೆ ಸಿಗುವ ಲಾಭ. ರಗ್ಗು ಈ ಕ್ಷಣವೇ ಸಿಗುವ ಸುಖ. ಇವೆರಡರ ಜಗಳದಲ್ಲಿ ರಗ್ಗು ಸೋತದ್ದನ್ನು ನಾನು ಕಂಡಿಲ್ಲ.

ನನ್ನ ಭಾವಮೈದ ಇದಕ್ಕೆ ಯಂತ್ರದ ಮೊರೆಹೋದ. ಕೈಗೆ ಹೆಜ್ಜೆ ಎಣಿಸುವ ವಾಚು ಕಟ್ಟಿ ದಿನಕ್ಕೆ ಹತ್ತು ಸಾವಿರ ಎಂದು ಪಣ ತೊಟ್ಟ. ಈ ಹತ್ತು ಸಾವಿರವನ್ನು ಮೊದಲು ಹೇಳಿದ್ದು ವೈದ್ಯರಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವನ್ನು 'ಹತ್ತು ಸಾವಿರ ಹೆಜ್ಜೆಯ ಮೀಟರು' ಎಂಬ ಹೆಸರಿನಲ್ಲಿ ಮಾರಿತು. ವಿಜ್ಞಾನಿಗಳು ಆಮೇಲೆ ಲೆಕ್ಕ ಹಾಕುತ್ತಾ ಕೂತರು. ಇದನ್ನು ಭಾವಮೈದನಿಗೆ ಹೇಳಿದರೆ ಅವನು ಕೇಳುವ ಸ್ಥಿತಿಯಲ್ಲಿರಲಿಲ್ಲ. ರಾತ್ರಿ ಹನ್ನೊಂದು ಗಂಟೆಗೆ ಡೈನಿಂಗ್ ಟೇಬಲ್ಲಿನ ಸುತ್ತ ಪ್ರದಕ್ಷಿಣೆ ಬರುತ್ತಿದ್ದ. ಆಮೇಲೊಂದು ದಿನ ತೂಗುಮಂಚದ ಮೇಲೆ ಕೂತು ಕೈ ಬೀಸಿದರೂ ವಾಚು ಎಣಿಸುತ್ತದೆ ಎಂದು ಕಂಡುಹಿಡಿದ. ಈಗ ಅವನ ಹತ್ತು ಸಾವಿರ ಒಂದು ದಿನವೂ ತಪ್ಪುವುದಿಲ್ಲ. ಹೊಟ್ಟೆಯೂ ಹಾಗೆಯೇ ಇದೆ.

ಇಪ್ಪತ್ತೊಂದು ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗಿಬಿಡುತ್ತದೆ ಎಂಬ ಮಾತೂ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅದರ ಮೂಲ 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಬರೆದ ಪುಸ್ತಕ. ಮೂಗು ಸರಿಮಾಡಿಸಿಕೊಂಡವರು ಕನ್ನಡಿಯಲ್ಲಿನ ಹೊಸ ಮುಖಕ್ಕೆ ಒಗ್ಗಲು ಕಡಿಮೆಯೆಂದರೂ ಮೂರು ವಾರ ಬೇಕು ಎಂದು ಅವರು ಗಮನಿಸಿದ್ದರು. ಮೂಗಿಗೆ ಹೇಳಿದ್ದನ್ನು ನಾವು ಮೊಣಕಾಲಿಗೆ ಅನ್ವಯಿಸಿಕೊಂಡೆವು. ಲಂಡನ್ನಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹೊಸ ಅಭ್ಯಾಸ ಮೈಗೂಡಲು ಸರಾಸರಿ 66 ದಿನ ಬೇಕು. ಕೆಲವರಿಗೆ 18 ಸಾಕು, ಕೆಲವರಿಗೆ 254 ಬೇಕಾಗಬಹುದು. ನಡುವೆ ಒಂದು ದಿನ ತಪ್ಪಿದರೆ ಅಂಥ ನಷ್ಟವೇನಿಲ್ಲ ಎಂಬ ಸಮಾಧಾನವೂ ಅದರಲ್ಲಿದೆ. ಭಾವಮೈದನಿಗೆ ನೆನಪಿನಲ್ಲಿ ಉಳಿದದ್ದು ಈ ಕೊನೆಯ ವಾಕ್ಯ ಮಾತ್ರ.

ಟ್ರೆಡ್‌ಮಿಲ್ಲಿನ ಚರಿತ್ರೆಯಂತೂ ಕೊಳ್ಳುವ ಮುಂಚೆ ಓದಬೇಕಾದದ್ದು. ಅದನ್ನು 1818ರ ಸುಮಾರಿಗೆ ವಿಲಿಯಂ ಕ್ಯೂಬಿಟ್ ಎಂಬ ಎಂಜಿನಿಯರು ಇಂಗ್ಲೆಂಡಿನ ಜೈಲುಗಳಿಗಾಗಿ ರೂಪಿಸಿದ. ಕೈದಿಗಳು ದೊಡ್ಡ ಚಕ್ರದ ಮೆಟ್ಟಿಲನ್ನು ಗಂಟೆಗಟ್ಟಲೆ ತುಳಿಯಬೇಕಿತ್ತು. ಕೆಲವು ಕಡೆ ಅದು ಧಾನ್ಯ ಬೀಸುತ್ತಿತ್ತು. ಕೆಲವು ಕಡೆ ಏನನ್ನೂ ಬೀಸುತ್ತಿರಲಿಲ್ಲ, ಸುಮ್ಮನೆ ತುಳಿಯುವುದೇ ಶಿಕ್ಷೆ. ಈಗ ಅದನ್ನೇ ಕಂತಿನಲ್ಲಿ ಕೊಂಡು ಬೆಡ್‌ರೂಮಿನಲ್ಲಿ ಇಟ್ಟುಕೊಳ್ಳುತ್ತೇವೆ. ನಮ್ಮದು ಸಾಧು ಜನ, ಮಳೆಗಾಲದಲ್ಲಿ ಅದರ ಮೇಲೆ ಪಂಚೆ ಒಣಹಾಕುತ್ತೇವೆ. ಒಂದು ಚೌಕ ಪಂಚೆ, ನಾಲ್ಕು ಬನಿಯನ್ನು ಆರಾಮಾಗಿ ಹಿಡಿಸುತ್ತದೆ.

ಅದೇ ಇಂಗ್ಲೆಂಡಿನ ಇನ್ನೊಂದು ಕತೆ ನನಗೆ ಇದಕ್ಕಿಂತ ಇಷ್ಟ. ಲಂಡನ್ನಿನ ಡಬಲ್ ಡೆಕರ್ ಬಸ್ಸುಗಳಲ್ಲಿ ಡ್ರೈವರು ದಿನವಿಡೀ ಕೂತಿರುತ್ತಿದ್ದ, ಕಂಡಕ್ಟರು ಮೇಲೆ ಕೆಳಗೆ ಓಡಾಡುತ್ತಿದ್ದ. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಥರದ ಮನೆ, ಒಂದೇ ಥರದ ಊಟ. ಡಾಕ್ಟರ್ ಜೆರ್ರಿ ಮಾರಿಸ್ ಲೆಕ್ಕ ತೆಗೆದು 1953ರಲ್ಲಿ ತೋರಿಸಿದರು: ಹೃದಯದ ಕಾಯಿಲೆ ಕಂಡಕ್ಟರುಗಳಲ್ಲಿ ಕಡಿಮೆ. ವ್ಯಾಯಾಮ ಮತ್ತು ಹೃದಯಕ್ಕೆ ನಂಟು ಹಾಕಿದ ಮೊದಲ ದೊಡ್ಡ ಅಧ್ಯಯನಗಳಲ್ಲಿ ಇದೊಂದು. ಮಾರಿಸ್ ತಾವೂ 99 ವರ್ಷ ಬದುಕಿದರು. ಎಲ್ಲರೂ ಈ ಕತೆಯನ್ನು ವ್ಯಾಯಾಮದ ಮಹಿಮೆ ಹೇಳಲು ಬಳಸುತ್ತಾರೆ. ನನಗೆ ಕಂಡದ್ದು ಬೇರೆ. ಆ ಕಂಡಕ್ಟರುಗಳಲ್ಲಿ ಒಬ್ಬನೂ ಹೃದಯದ ಮೇಲಿನ ಪ್ರೀತಿಯಿಂದ ಮೆಟ್ಟಿಲು ಹತ್ತಿದವನಲ್ಲ. ಮೇಲೆ ಕೂತವನ ಹತ್ತಿರ ಕಾಸು ಇಸಕೊಳ್ಳಬೇಕಿತ್ತು, ಹತ್ತಿದ. ವ್ಯಾಯಾಮ ಮಾಡುತ್ತಿದ್ದೇನೆ ಎಂದು ಅವನಿಗೆ ಗೊತ್ತಿದ್ದರೆ ಎರಡನೆಯ ವಾರಕ್ಕೆ ನಿಲ್ಲಿಸುತ್ತಿದ್ದ.

ಚಾಮುಂಡಿ ಬೆಟ್ಟದಲ್ಲೂ ಹೀಗೆಯೇ. ಸಾವಿರ ಮೀರಿದ ಮೆಟ್ಟಿಲು. ಆಷಾಢದ ಶುಕ್ರವಾರ ಹೋಗಿ ನೋಡಿ, ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅಂದರೆ ಸಾವಿರ ಸಲ ಬಗ್ಗಿ ಸಾವಿರ ಸಲ ಏಳುವುದು, ಅದೂ ಸೀರೆಯಲ್ಲಿ, ಅದೂ ಉಪವಾಸದಲ್ಲಿ. ಜಿಮ್ಮಿನ ಹುಡುಗ ಇಪ್ಪತ್ತು ಬಸ್ಕಿ ಹೊಡಿ ಎಂದರೆ ಅವರೇ ಸೊಂಟ ಹಿಡಿದುಕೊಳ್ಳುತ್ತಾರೆ. ಪಕ್ಕದಲ್ಲೇ ಬಿಗಿಯಾದ ಬಟ್ಟೆ ತೊಟ್ಟ ಯುವಕರು ನಂದಿಯವರೆಗೆ ಓಡಿ, ನಂದಿಗೆ ಒರಗದಂತೆ ಯಾರೋ ಗದರಿದರೆಂದು ಪಕ್ಕದ ಕಟ್ಟೆಗೆ ಒರಗಿ, ಏದುಸಿರು ಬಿಡುತ್ತಾ ಸೆಲ್ಫಿ ತೆಗೆಯುತ್ತಿರುತ್ತಾರೆ.

ಹಳೆಯ ಮೈಸೂರಿಗೆ ಈ ಗುಟ್ಟು ಗೊತ್ತಿತ್ತು ಅನ್ನಿಸುತ್ತದೆ. ಗರಡಿಮನೆಯಲ್ಲಿ ಯಾರನ್ನೂ ಮೈ ಕರಗಿಸು ಎಂದು ಕರೆಯುತ್ತಿರಲಿಲ್ಲ. ಅಲ್ಲಿ ಆಂಜನೇಯನಿದ್ದ, ಮಟ್ಟಿಯ ಪೂಜೆಯಿತ್ತು, ಬೈಯುವುದಕ್ಕೆ ಉಸ್ತಾದರಿದ್ದರು, ದಸರಾ ಕುಸ್ತಿಯಲ್ಲಿ ಪಕ್ಕದ ಬೀದಿಯ ಗರಡಿಯವನನ್ನು ಚಿತ್ ಮಾಡುವ ಆಸೆಯಿತ್ತು. ದಂಡ, ಬಸ್ಕಿ, ಗದೆ ಎಲ್ಲ ಇವುಗಳ ಜೊತೆಗೆ ತಾವಾಗಿ ಬರುತ್ತಿದ್ದವು. ಈ ಕುಕ್ಕರಹಳ್ಳಿ ಕೆರೆಯನ್ನೇ ತೆಗೆದುಕೊಳ್ಳಿ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಕಟ್ಟಿಸಿದ್ದು ಗದ್ದೆಗಳಿಗೆ ನೀರು ಹಾಯಿಸಲು. ಕುವೆಂಪು ಇದರ ದಂಡೆಯ ಮೇಲೆ ಓಡಾಡಿದ್ದು ಊರಿಗೆಲ್ಲ ಗೊತ್ತಿರುವ ಸಂಗತಿ. ಅವರು ಕೊಲೆಸ್ಟ್ರಾಲ್ ಇಳಿಸಲು ಬಂದರೆಂದು ಮಾತ್ರ ಯಾವ ವಿಮರ್ಶಕರೂ ಈವರೆಗೆ ಬರೆದಿಲ್ಲ.

ಆದರೆ ಈ ವಿಷಯದಲ್ಲಿ ನನ್ನ ನಿಜವಾದ ಗುರುಗಳು ನಮ್ಮ ಬಡಾವಣೆಯ ಹೂಗಳ್ಳರು. ಕಳ್ಳರು ಎಂದರೆ ಅವರಿಗೆ ಬೇಜಾರು. ದೇವರಿಗೆ ಕಿತ್ತದ್ದು ಕಳವಲ್ಲ ಎಂಬ ಶಾಸ್ತ್ರ ಅವರದು. ಬೆಳಕು ಹರಿಯುವ ಮುಂಚೆ, ಒಂದು ಕೈಯಲ್ಲಿ ಪ್ಲಾಸ್ಟಿಕ್ ಕವರು, ಇನ್ನೊಂದರಲ್ಲಿ ತುದಿಗೆ ತಂತಿ ಬಗ್ಗಿಸಿ ಕಟ್ಟಿದ ಕೊಕ್ಕೆಕೋಲು ಹಿಡಿದು ಹೊರಡುತ್ತಾರೆ. ಇವರಲ್ಲಿ ಅಗ್ರಗಣ್ಯರು ನಿವೃತ್ತ ಹೆಡ್‌ಮಾಸ್ಟರೊಬ್ಬರು. ಎಪ್ಪತ್ತು ದಾಟಿದೆ. ಅವರ ದಾರಿಯನ್ನು ನಾನು ಒಂದು ದಿನ ಹಿಂದಿನಿಂದ ಗಮನಿಸಿದ್ದೇನೆ. ಸಂಪಿಗೆಗೆ ತುದಿಗಾಲ ಮೇಲೆ ನಿಂತು ಎರಡೂ ತೋಳು ಮೇಲೆತ್ತಬೇಕು. ಪಾರಿಜಾತಕ್ಕೆ ಕುಕ್ಕರುಗಾಲಿನಲ್ಲಿ ಕೂತು ಒಂದೊಂದೇ ಹೆಕ್ಕಬೇಕು. ಕಾಂಪೌಂಡಿನೊಳಗಿನ ನಂದಿಬಟ್ಟಲಿಗೆ ಸೊಂಟ ತಿರುಗಿಸಿ, ಉಸಿರು ಹಿಡಿದು, ಗ್ರಿಲ್ಲಿನ ಸಂದಿಯಲ್ಲಿ ಕೈ ತೂರಿಸಬೇಕು. ಒಳಗಡೆ ಲೈಟು ಹತ್ತಿದರೆ ಸರಸರನೆ ನಡೆಯಬೇಕು. ನಾಯಿ ಬೊಗಳಿದರೆ ಓಡಲೇಬೇಕು. ಕೈಕಾಲು, ಸೊಂಟ, ಎದೆ, ಎಲ್ಲಕ್ಕೂ ಕೆಲಸ. ದುಡ್ಡು ಕೊಟ್ಟರೂ ಯಾವ ತರಬೇತುದಾರನೂ ಇಷ್ಟು ಅಚ್ಚುಕಟ್ಟಾಗಿ ಜೋಡಿಸಲಾರ.

ಅವರು ತಪ್ಪಿಸಿದ ದಿನವೆಂಬುದಿಲ್ಲ. ಮಳೆ ಬಂದರೆ ಕೊಕ್ಕೆಕೋಲಿನ ಬದಲು ಕೊಡೆಯ ಹಿಡಿ. ಅಲಾರಂ ಬೇಕಿಲ್ಲ, ಪ್ರತಿಸ್ಪರ್ಧಿಯಿದ್ದಾನೆ: ಮೂರನೆಯ ಕ್ರಾಸಿನ, ಲೆಕ್ಕಪತ್ರ ಇಲಾಖೆಯಲ್ಲಿದ್ದು ನಿವೃತ್ತರಾದವರು. ಅವರು ಐದೂಕಾಲಿಗೆ ಬಂದರೆ ಇವರು ಐದಕ್ಕೆ, ಅವರು ಐದಕ್ಕೆ ಬಂದರೆ ಇವರು ನಾಲ್ಕೂಮುಕ್ಕಾಲಿಗೆ. ಶ್ರಾವಣ ಬಂದರೆ ಪೈಪೋಟಿ ಇನ್ನೂ ಬಿಗಿ. ಗೌರಿ ಗಣೇಶದ ಹಿಂದಿನ ದಿನವಂತೂ ಗರಿಕೆ, ಎಕ್ಕದ ಹೂವು ಹುಡುಕುತ್ತಾ ರಿಂಗ್ ರೋಡಿನವರೆಗೂ ಹೋಗಿಬಂದ ದಾಖಲೆಯಿದೆ.

ಒಂದು ಸಲ ಯಾರದೋ ಮನೆಯ ಸಿಸಿ ಕ್ಯಾಮೆರಾದಲ್ಲಿ ಮೇಷ್ಟ್ರು ತುದಿಗಾಲ ಮೇಲೆ ನಿಂತ ಚಿತ್ರ ಬಡಾವಣೆಯ ವಾಟ್ಸಾಪ್ ಗುಂಪಿಗೆ ಬಂತು. ಬೆಂಗಳೂರಿನಲ್ಲಿರುವ ಮಗನಿಗೆ ಅವಮಾನವಾಯಿತು. ಭಾನುವಾರ ಬಂದವನೇ ತಾರಸಿಯ ಮೇಲೆ ಸಾಲಾಗಿ ಕುಂಡ ಇಟ್ಟು ದಾಸವಾಳ, ಸ್ಫಟಿಕ, ಕಣಗಿಲೆ ಎಲ್ಲ ನೆಡಿಸಿ, "ಅಪ್ಪಾ, ಇನ್ಮೇಲೆ ಬೀದಿ ಸುತ್ತೋದು ಬೇಡ" ಎಂದು ಕೈಮುಗಿದು ಹೋದ. ಮೇಷ್ಟ್ರು ಏಳಕ್ಕೆ ಎದ್ದು, ಮೆಟ್ಟಿಲು ಹತ್ತಿ, ಐದು ನಿಮಿಷದಲ್ಲಿ ಹೂವು ಕಿತ್ತು ಇಳಿಯತೊಡಗಿದರು. ಕೆಲವು ತಿಂಗಳಿಗೆ ಸಕ್ಕರೆ ಏರಿತು. ಡಾಕ್ಟರು ದಿನಾ ವಾಕಿಂಗ್ ಮಾಡಿ ಎಂದರು. ಮಗ ಶೂ ಕಳಿಸಿಕೊಟ್ಟ. ಮೇಷ್ಟ್ರು ಅದನ್ನು ಹಾಕಿಕೊಂಡು ಕೆರೆ ಏರಿಗೆ ಬಂದರು. ಅರ್ಧ ಸುತ್ತು ಬರುವಷ್ಟರಲ್ಲಿ ನನ್ನನ್ನು ನಿಲ್ಲಿಸಿ ಕೇಳಿದರು: "ಅಲ್ಲಾ ಸ್ವಾಮಿ, ಸುಮ್ನೆ ಹೋಗಿ ಸುಮ್ನೆ ಬರೋದೇನ್ರೀ ಇದು? ಎಮ್ಮೆ ಮೇಯ್ಸೋನಿಗೂ ಒಂದು ಉದ್ದೇಶ ಇರುತ್ತೆ."

ಒಂದು ವಾರವಷ್ಟೇ. ಆಮೇಲೆ ಶೂ ಬಾಗಿಲ ಹಿಂದೆ ಹೋಯಿತು, ಕವರು ಹೊರಗೆ ಬಂತು. ಕುಂಡದ ಹೂವು ತಮ್ಮ ರಾಮದೇವರಿಗೆ ಒಗ್ಗುತ್ತಿಲ್ಲ ಎಂದು ಹೆಂಡತಿಯನ್ನು ಒಪ್ಪಿಸಿದರಂತೆ. ತಾರಸಿಯ ದಾಸವಾಳದ ಒಂದು ಕೊಂಬೆ ಈಗ ಬೀದಿಯ ಕಡೆ ಬಾಗಿದೆ. ಅದರ ಹೂವು ಲೆಕ್ಕಪತ್ರ ಇಲಾಖೆಯವರ ಪಾಲು. ಮೇಷ್ಟ್ರಿಗೆ ಗೊತ್ತು, ಅವರೇನೂ ಅನ್ನುವುದಿಲ್ಲ.

ಏರಿಯ ಹಳೆಯ ಗಿರಾಕಿಗಳನ್ನು ಕೆದಕಿದರೂ ಇಂಥದೇ ಏನಾದರೂ ಸಿಗುತ್ತದೆ. ಒಂದು ಗುಂಪು ಬರುವುದು ರಾಜಕೀಯಕ್ಕೆ. ಸರ್ಕಾರ ಬೀಳುವ ಸೂಚನೆಯಿದ್ದರೆ ಒಂದು ಸುತ್ತು ಹೆಚ್ಚು. ಇನ್ನೊಂದು ಗುಂಪು ಕೊನೆಯಲ್ಲಿ ತಿನ್ನುವ ದೋಸೆಗಾಗಿಯೇ ನಡೆಯುವುದು. ನಡೆದು ಕಳೆದದ್ದಕ್ಕಿಂತ ತಿಂದು ಕೂಡಿಸಿದ್ದು ಜಾಸ್ತಿಯಾಯಿತೆಂದು ಅವರನ್ನು ಆಡಿಕೊಳ್ಳುತ್ತಾರೆ. ನಾನು ಆಡಿಕೊಳ್ಳುವುದಿಲ್ಲ, ದೋಸೆಯಿಲ್ಲದಿದ್ದರೆ ಅವರು ಮನೆಯಲ್ಲೇ ಕೂತು ತಿನ್ನುತ್ತಿದ್ದರು, ಅಷ್ಟೆ. ಪಾರ್ಕಿನಲ್ಲಿ ಕೈಯೆತ್ತಿ ಗಹಗಹಿಸುವ ನಗೆಕೂಟದವರೂ ಇದ್ದಾರೆ. 1995ರಲ್ಲಿ ಮುಂಬೈಯ ಪಾರ್ಕೊಂದರಲ್ಲಿ ಡಾಕ್ಟರ್ ಮದನ್ ಕಟಾರಿಯಾ ಬೆರಳೆಣಿಕೆಯ ಜನರೊಂದಿಗೆ ಇದನ್ನು ಶುರು ಮಾಡಿದಾಗ ದಿನಾ ಜೋಕು ಹೇಳಿ ನಗುತ್ತಿದ್ದರಂತೆ. ಕೆಲವೇ ದಿನಗಳಲ್ಲಿ ಒಳ್ಳೆಯ ಜೋಕುಗಳು ಮುಗಿದು, ಆಮೇಲೆ ಕಾರಣವಿಲ್ಲದೆ ನಗುವ ಪದ್ಧತಿ ಬಂತು. ನಮ್ಮ ರಾಜಕೀಯದ ಗುಂಪಿನ ಪಕ್ಕ ಕೂತಿದ್ದರೆ ಆ ಕೊರತೆ ಆಗುತ್ತಿರಲಿಲ್ಲ.

ನನ್ನ ಮಾತು ಕೇಳುತ್ತೀರಾದರೆ, ನಾನೂ ತಕ್ಕಮಟ್ಟಿಗೆ ತಪ್ಪದೆ ಹೋಗುವವನೇ. ರಾಜಕೀಯದಲ್ಲಿ ಆಸಕ್ತಿಯಿಲ್ಲ, ದೋಸೆಗೆ ಡಾಕ್ಟರ ಅಡ್ಡಿಯಿದೆ, ಹೂವು ಕೀಳುವ ಧೈರ್ಯವಿಲ್ಲ. ಆದರೂ ಹೋಗುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಕೊತ್ತಂಬರಿ ಸೊಪ್ಪು ಉಳಿಯುವುದೇ ಇಲ್ಲ. "ರೀ, ವಾಕಿಂಗ್ ಹೋಗಿ" ಎಂದು ನನ್ನವಳು ಒಂದು ದಿನವೂ ಹೇಳಿದವಳಲ್ಲ. "ರೀ, ಸಾರಿಗೆ ಕೊತ್ತಂಬರಿ ಇಲ್ಲ" ಎನ್ನುತ್ತಾಳೆ. ಅದೂ ಕೆರೆಯ ಆಚೆ ಕಡೆ ಕೂರುವ ಸೊಪ್ಪಿನಮ್ಮನ ಹತ್ತಿರದ್ದೇ ಆಗಬೇಕು, ಉಳಿದವರದು ಬಾಡಿರುತ್ತದಂತೆ. ಆಯಮ್ಮ ಏಳೂವರೆಗೆಲ್ಲ ಬುಟ್ಟಿ ಎತ್ತಿ ಹೊರಟುಬಿಡುವುದರಿಂದ ನಾನು ಆರಕ್ಕೇ ಮನೆ ಬಿಡಬೇಕು. ಕೊತ್ತಂಬರಿ ತಂದ ಮಾರನೆಯ ದಿನ ಕರಿಬೇವು ಮುಗಿದಿರುತ್ತದೆ, ಅದರ ಮಾರನೆಯ ದಿನ ಸಬ್ಬಸಿಗೆ ಬೇಕೆನಿಸಿರುತ್ತದೆ.

ಒಂಬತ್ತು ಗಂಟೆಗೆ ಸೊಪ್ಪು ತರಕಾರಿಯ ತಳ್ಳುಗಾಡಿ ಕೂಗುತ್ತಾ ಬಂದು ನಮ್ಮ ಗೇಟಿನೆದುರೇ ನಿಲ್ಲುತ್ತದೆ. ಹಸಿರಾಗಿ, ನೀರು ಚಿಮುಕಿಸಿಕೊಂಡು, ಎಲ್ಲ ಬಗೆಯ ಸೊಪ್ಪೂ ಇರುತ್ತದೆ. ಅಷ್ಟು ಹೊತ್ತಿಗೆ ಸರಿಯಾಗಿ ಅವಳು ಅಡುಗೆಮನೆಯಲ್ಲಿ ರೇಡಿಯೋ ಜೋರು ಮಾಡುತ್ತಾಳೆ.