ಕಟ್ಟೆಪ್ರಸ್ಥಾಶ್ರಮ ಮೀಮಾಂಸೆ

ತಲೆ ನರೆತು, ಚರ್ಮ ಸುಕ್ಕುಗಟ್ಟಿ, ಮೊಮ್ಮಗನ ಮುಖವನ್ನು ಕಂಡ ಗೃಹಸ್ಥನು ಕಾಡನ್ನು ಸೇರತಕ್ಕದ್ದೆಂದು ವಿಧಿಸಿದ ಸ್ಮೃತಿಕಾರರು, ಸಿಂಧನೂರು, ಲಿಂಗಸುಗೂರು, ಮಸ್ಕಿ ಎಂಬ ಮೂರು ತಾಲೂಕುಗಳನ್ನು ಪ್ರತ್ಯಕ್ಷವಾಗಿ ಸಂದರ್ಶಿಸಿದ್ದರೆಂದು ನಂಬಲು ಆಧಾರವಿಲ್ಲ. ಏಕೆಂದರೆ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದ ಕಡೆ ಇಲ್ಲಿ ಭತ್ತ, ಹರಿಯದ ಕಡೆ ಬಂಡೆ ಮತ್ತು ಬಳ್ಳಾರಿ ಜಾಲಿ. ಇವುಗಳ ನಡುವೆ ಪರ್ಣಶಾಲೆ ಕಟ್ಟುವಷ್ಟು ವನ ಎಲ್ಲಿಂದ ಬರಬೇಕು? ಆದುದರಿಂದ ಈ ಪ್ರಾಂತದ ನಿವೃತ್ತರು ವನಕ್ಕೆ ಒಂದೇ ಒಂದು ಬೇವಿನ ಮರವನ್ನೂ, ಪರ್ಣಶಾಲೆಗೆ ಅದರ ಬುಡದ ಕಟ್ಟೆಯನ್ನೂ ಆದೇಶವಾಗಿ ತಂದು, ಕಟ್ಟೆಪ್ರಸ್ಥವೆಂಬ ನೂತನ ಆಶ್ರಮವೊಂದನ್ನು ಸ್ಥಾಪಿಸಿದ್ದಾರೆ. ಕನ್ನಡ ಶಬ್ದಕ್ಕೆ ಸಂಸ್ಕೃತ ಶಬ್ದವನ್ನು ಕೂಡಿಸಿದ ಈ ಪದವು ಅರಿಸಮಾಸವೆಂದು ಕೇಶಿರಾಜನ ಶಿಷ್ಯರು ಆಕ್ಷೇಪಿಸುವುದು ನಿಶ್ಚಯ. ಅದಕ್ಕೆ ಉತ್ತರ ಮುಂದುಂಟು.

ಶಾಸ್ತ್ರಮಾತ್ರಕ್ಕೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳಿರಬೇಕಷ್ಟೆ. ಅಧಿಕಾರಿಯೆಂದರೆ ಅರವತ್ತು ತುಂಬಿ, ಶಾಲು ಹೊದ್ದು, ಹಾರ ಹಾಕಿಸಿಕೊಂಡು, ಮರುದಿನವೂ ಎಂದಿನಂತೆ ಒಂಬತ್ತು ಗಂಟೆಗೆ ಸ್ನಾನಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಹೊಸ್ತಿಲಲ್ಲಿ ನಿಂತು, ಎಲ್ಲಿಗೆ ಹೋಗಬೇಕೆಂದು ತೋಚದವನು. ವಿಷಯವು ಊರಿಂದೂರಿಗೆ ಭಿನ್ನ. ಸಿಂಧನೂರಿನ ಕಟ್ಟೆಗಳಲ್ಲಿ ಡ್ಯಾಮಿನ ನೀರಿನ ಮಟ್ಟವೇ ಪರಬ್ರಹ್ಮ. ಲಿಂಗಸುಗೂರಿನಲ್ಲಿ ಗತವೈಭವವೇ ಪ್ರಧಾನ. ನಿಜಾಮರ ಕಾಲದಲ್ಲಿ ಜಿಲ್ಲೆಯಾಗಿದ್ದು 1905ರಲ್ಲಿ ಆ ಪದವಿಯನ್ನು ಕಳೆದುಕೊಂಡ ಈ ಊರು ತಾನೇ ಒಂದು ನಿವೃತ್ತ ಜಿಲ್ಲೆಯಾಗಿದ್ದು, ತನ್ನ ಕೈಕೆಳಗಿದ್ದ ಮಸ್ಕಿಯು ಬಡ್ತಿ ಪಡೆದು ಸಮಾನ ತಾಲೂಕಾಗಿ ಎದುರು ಕುಳಿತುದನ್ನು ನಿವೃತ್ತರಿಗೆ ಸಹಜವಾದ ನಿಟ್ಟುಸಿರಿನಿಂದ ನೋಡುತ್ತಿದೆ.

ಈ ಆಶ್ರಮಕ್ಕೆ ಪ್ರಮಾಣವೇನೆಂದರೆ, ಶಿಲಾಪ್ರಮಾಣವೇ ಉಂಟು. 1915ರಲ್ಲಿ ಚಿನ್ನವನ್ನು ಅರಸುತ್ತಿದ್ದ ಬೀಡನ್ ಎಂಬ ಎಂಜಿನಿಯರನಿಗೆ ಮಸ್ಕಿಯ ಗುಡ್ಡದಲ್ಲಿ ಚಿನ್ನದ ಬದಲು ಅಶೋಕನು ಸಿಕ್ಕಿದನು; ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬ ಊಹೆಯನ್ನು ಹೆಸರು ಸಹಿತ ಸ್ಥಿರಪಡಿಸಿದ ಶಾಸನವದು. ಎರಡೂವರೆ ವರ್ಷಗಳ ಹಿಂದೆ ಬೌದ್ಧನಾದೆನೆಂದೂ, ಸಂಘದ ಸಮೀಪಕ್ಕೆ ಹೋಗಿ ಉತ್ಸಾಹದಿಂದ ತೊಡಗಿದ್ದು ಒಂದು ವರ್ಷದಿಂದೀಚೆಗೆ ಮಾತ್ರವೆಂದೂ ಚಕ್ರವರ್ತಿಯು ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಯುದ್ಧವ್ಯಾಪಾರದಿಂದ ನಿವೃತ್ತನಾದವನು ಮನೆಯಲ್ಲಿ ಕೂಡದೆ ಸಂಘವನ್ನು ಸೇರಿದನೆಂಬುದು ಸ್ಪಷ್ಟವಾಗಿರಲಾಗಿ, ಸಂಘವೆಂದರೆ ಕಟ್ಟೆಯೆಂದು ಅರ್ಥೈಸುವುದಕ್ಕೆ ಪುರಾತತ್ತ್ವಜ್ಞರ ಅಸಮ್ಮತಿಯೊಂದನ್ನುಳಿದು ಬೇರೆ ಅಡ್ಡಿಯಿಲ್ಲ. ಶಾಸನಾಂತ್ಯದಲ್ಲಿ ಅಭಿವೃದ್ಧಿಯು ಒಂದೂವರೆ ಪಟ್ಟಾಗುವುದೆಂಬ ಮಾತಿದ್ದು, ಇದನ್ನು ತುಟ್ಟಿಭತ್ಯೆಯ ಪ್ರಥಮ ಘೋಷಣೆಯೆಂದು ಬಗೆವ ಪಕ್ಷವೂ ಕಟ್ಟೆಯಲ್ಲಿ ಪ್ರಬಲವಾಗಿದೆ.

ಅದೇ ಶಾಸನವು ಈ ಫಲವು ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ದೊರೆವುದೆಂದು ಸಾರುತ್ತದೆ. ಸಂಬಂಧವೆಂಬ ಅನುಬಂಧವು ಇದೇ, ಅರಿಸಮಾಸದ ಆಕ್ಷೇಪಕ್ಕೆ ಉತ್ತರವೂ ಇದೇ. ಮೂವತ್ತು ವರ್ಷ ಕುರ್ಚಿಯಲ್ಲಿ ಕುಳಿತ ಶಿರಸ್ತೇದಾರನೂ, ಆತನ ಕಡತ ಹೊತ್ತ ಜವಾನನೂ, ಹಟ್ಟಿಯ ಗಣಿಯಲ್ಲಿ ನೆಲದಡಿಯೇ ಯೌವನವನ್ನು ಕಳೆದ ಕಾರ್ಮಿಕನೂ, ಕನ್ನಡ ಶಾಲೆಯ ಮಾಸ್ತರನೂ ಒಂದೇ ತಟ್ಟೆಯ ಒಗ್ಗರಣೆ–ಮಿರ್ಚಿಗೆ ಕೈಯಿಟ್ಟು, “ಸಾಹೇಬ್ರ, ಸ್ವಲ್ಪ ಆಕಡಿ ಸರೀರಿ” ಎಂದು ಜವಾನನು ಹೇಳಿ, ಸಾಹೇಬರು ಮರುಮಾತಿಲ್ಲದೆ ಸರಿದಾಗ, ವ್ಯಾಕರಣವು ನಿಷೇಧಿಸಿದ ಸಮಾಸವನ್ನು ಬೇವಿನ ನೆರಳು ಸಾಧುವಾಗಿಸುತ್ತದೆ.

ಇಲ್ಲಿ ಒಂದು ಪೂರ್ವಪಕ್ಷವುಂಟು. ನಿವೃತ್ತ ಶಿಕ್ಷಕಿಯೊಬ್ಬರು ಎತ್ತಿದ್ದು. “ನಿಮಗ ಕಟ್ಟಿ ಐತ್ರಿ, ನಮಗೇನೈತ್ರಿ? ಸಾಲಿ ಬಿಡ್ತು, ಒಲಿ ಬಿಡಲಿಲ್ಲ.” ಇದಕ್ಕೆ ಕಟ್ಟೆಯ ವಿದ್ವಾಂಸರು ಮೂರು ದಿನ ಚರ್ಚಿಸಿ, ಚಹಾ ತರಿಸಿ, ನಿರುತ್ತರರಾದರು. ಶಾಸ್ತ್ರದ ಈ ನ್ಯೂನತೆಯನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ.

ಉಳಿದದ್ದು ಪ್ರಯೋಜನ. ನಿವೃತ್ತನು ಕಳೆದುಕೊಳ್ಳುವುದು ಸಂಬಳವನ್ನಲ್ಲ, ಅದರ ಅರ್ಧದಷ್ಟಾದರೂ ಪಿಂಚಣಿಯ ರೂಪದಲ್ಲಿ ಉಳಿದೀತು. ಹಾಜರಿ ಪುಸ್ತಕದಲ್ಲಿ ತನ್ನ ಹೆಸರಿನೆದುರಿನ ಸ್ಥಳವು ಖಾಲಿಯಿದ್ದರೆ ಯಾರಾದರೂ ವಿಚಾರಿಸುವರೆಂಬ ಭರವಸೆಯನ್ನು. ಖಜಾನೆಯು ವರ್ಷಕ್ಕೊಮ್ಮೆ, ನವೆಂಬರಿನಲ್ಲಿ, ಬದುಕಿರುವೆಯೆಂಬುದಕ್ಕೆ ಪ್ರಮಾಣಪತ್ರವನ್ನು ಕೇಳುತ್ತದೆ. ಕಟ್ಟೆಯು ಪ್ರತಿದಿನ ಬೆಳಿಗ್ಗೆ ಕೇಳುತ್ತದೆ: “ನಿನ್ನೆ ಯಾಕ ಬರ್ಲಿಲ್ರಿ, ಸರ?” ಈ ಪ್ರಶ್ನೆಯನ್ನು ಕೇಳಿಸಿಕೊಳ್ಳುವ ಆಸೆಯಿರುವ ವಾಚಕರು, ಐವತ್ತರಲ್ಲೇ ಒಂದು ಬೇವಿನ ಸಸಿಯನ್ನು ನೆಡತಕ್ಕದ್ದು, ಕಟ್ಟೆಯನ್ನು ಮಾತ್ರ ಮೊದಲಿಗಿಂತ ಅಗಲವಾಗಿ ಕಟ್ಟಿಸತಕ್ಕದ್ದು, ಆ ಶಿಕ್ಷಕಿಯವರಿಗೂ ಸ್ಥಳವಿರುವಂತೆ.